ಗುಣವಾದ ಮೇಲಿನ ಆಟ: ಯುವರಾಜ್ ಸಿಂಗ್ ವೃತ್ತಿಜೀವನದ ಎರಡು ಭಾಗಗಳು

ಯುವರಾಜ್ ಸಿಂಗ್ ಅವರ ಕಥೆಯನ್ನು ನಾವು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ: ವಿಶ್ವಕಪ್ ಗೆದ್ದರು, ಕ್ಯಾನ್ಸರ್ ಬಂತು, ಛಲದಿಂದ ಅದನ್ನು ಸೋಲಿಸಿದರು, ಮತ್ತೆ ಮೈದಾನಕ್ಕೆ ಬಂದರು. ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಬೇರೆ ಬೇರೆಯಾಗಿ ನೋಡಬೇಕಾದ ಎರಡು ಸಂಗತಿಗಳು ಇಲ್ಲಿ ಕಲಸಿಹೋಗಿವೆ. ರೋಗ ವಾಸಿಯಾದದ್ದು ಒಂದು ಸಂಗತಿ. ವಾಸಿಯಾದ ದೇಹವನ್ನು ಹೊತ್ತು ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಮರಳಿದ್ದು ಇನ್ನೊಂದು. ಮೊದಲನೆಯದರ ಶ್ರೇಯಸ್ಸು ಬಹುಪಾಲು ವೈದ್ಯವಿಜ್ಞಾನಕ್ಕೆ ಸಲ್ಲಬೇಕು. ಎರಡನೆಯದು ಯುವರಾಜ್ ಅವರದೇ, ಮತ್ತು ಅದು ನಾವು ಬಣ್ಣಿಸುವಷ್ಟು ಸರಾಗವಾಗಿ ನಡೆಯಲಿಲ್ಲ. ಈ ಎರಡನ್ನು ಬಿಡಿಸಿ ನೋಡುವ ಪ್ರಯತ್ನವನ್ನು ಇಂದು ನಿಮ್ಮೆದುರು ಮಾಡುತ್ತೇನೆ.

ಆರಂಭದ ವರ್ಷಗಳು ನಿಮಗೆ ಗೊತ್ತಿರುವಂಥವೇ ಆದ್ದರಿಂದ ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ಯುವರಾಜ್ ಹುಟ್ಟಿದ್ದು 1981ರ ಡಿಸೆಂಬರ್ 12ರಂದು, ಚಂಡೀಗಢದಲ್ಲಿ. ತಂದೆ ಯೋಗರಾಜ್ ಸಿಂಗ್ ಭಾರತದ ಪರ ಒಂದು ಟೆಸ್ಟ್ ಮತ್ತು ಆರು ಏಕದಿನ ಪಂದ್ಯಗಳನ್ನು ಆಡಿದ ವೇಗದ ಬೌಲರ್. ಹುಡುಗನಿಗೆ ಇಷ್ಟವಿದ್ದದ್ದು ರೋಲರ್ ಸ್ಕೇಟಿಂಗ್. ಅದರಲ್ಲಿ ಹದಿನಾಲ್ಕು ವರ್ಷದೊಳಗಿನವರ ರಾಷ್ಟ್ರೀಯ ಪ್ರಶಸ್ತಿಯೂ ಬಂದಿತ್ತು. ತಂದೆ ಆ ಪದಕವನ್ನು ಎಸೆದು, ಇನ್ನು ಮುಂದೆ ಕ್ರಿಕೆಟ್ ಮಾತ್ರ ಎಂದು ತೀರ್ಮಾನಿಸಿದರು. ಆ ಕಠೋರತೆಯನ್ನು ಒಪ್ಪುವುದು ನನಗೆ ಇಂದಿಗೂ ಕಷ್ಟ, ಅದರ ಫಲ ಏನೇ ಆಗಿದ್ದರೂ. 1999ರ ಕೊನೆಯಲ್ಲಿ ಜಮ್‌ಶೆಡ್‌ಪುರದಲ್ಲಿ, ಹತ್ತೊಂಬತ್ತು ವರ್ಷದೊಳಗಿನವರು ಆಡುವ ಕೂಚ್ ಬೆಹಾರ್ ಟ್ರೋಫಿಯ ಫೈನಲ್ ನಡೆಯಿತು. ಮೊದಲು ಆಡಿದ ಬಿಹಾರ ತಂಡ 357 ರನ್ನಿಗೆ ಆಲೌಟಾಯಿತು. ಪಂಜಾಬಿನ ಪರ ಯುವರಾಜ್ ಒಬ್ಬರೇ 358 ಹೊಡೆದರು. ಆ ಬಿಹಾರ ತಂಡದಲ್ಲಿ ಮಹೇಂದ್ರ ಸಿಂಗ್ ಧೋನಿ ಎಂಬ ಹುಡುಗನೂ ಇದ್ದ. 2000ದಲ್ಲಿ ಶ್ರೀಲಂಕಾದಲ್ಲಿ ನಡೆದ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಯುವರಾಜ್ ಟೂರ್ನಿಯ ಶ್ರೇಷ್ಠ ಆಟಗಾರರಾದರು. ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮೊದಲ ತಂಡದಲ್ಲಿ ಅವರಿಗೆ ಜಾಗ ಸಿಕ್ಕಿತು. ಅದೇ ಅಕ್ಟೋಬರಿನಲ್ಲಿ ನೈರೋಬಿಯಲ್ಲಿ, ತಮ್ಮ ಎರಡನೆಯ ಏಕದಿನ ಪಂದ್ಯದಲ್ಲೇ, ಮೆಕ್‌ಗ್ರಾ ಮತ್ತು ಬ್ರೆಟ್ ಲೀ ಇದ್ದ ಆಸ್ಟ್ರೇಲಿಯಾದ ವಿರುದ್ಧ 80 ಎಸೆತಗಳಲ್ಲಿ 84 ರನ್ ಗಳಿಸಿದರು. ಆಮೇಲೆ 2002ರ ಲಾರ್ಡ್ಸ್ ಫೈನಲ್, 2007ರಲ್ಲಿ ಡರ್ಬನ್ನಿನಲ್ಲಿ ಒಂದೇ ಓವರಿನ ಆರು ಎಸೆತಕ್ಕೆ ಆರು ಸಿಕ್ಸರ್. ಇವನ್ನು ನಾನು ವಿವರಿಸಬೇಕಾಗಿಲ್ಲ.

ಬೆಂಗಳೂರಿನವರು ಮರೆಯಬಾರದ ಇನ್ನೊಂದು ಇನಿಂಗ್ಸ್ ಇದೆ. 2007ರ ಡಿಸೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್. ಭಾರತ ನಾಲ್ಕು ವಿಕೆಟಿಗೆ 61. ಅಲ್ಲಿಂದ ಗಂಗೂಲಿ ಮತ್ತು ಯುವರಾಜ್ ಐದನೆಯ ವಿಕೆಟಿಗೆ 300 ರನ್ ಸೇರಿಸಿದರು. ಯುವರಾಜ್ ಅವರ ಪಾಲು 169. ಅದು ಅವರ ಮೂರನೆಯ ಟೆಸ್ಟ್ ಶತಕ, ಕೊನೆಯದೂ ಹೌದು. ಮೂರೂ ಪಾಕಿಸ್ತಾನದ ವಿರುದ್ಧವೇ ಬಂದವು. ಟೆಸ್ಟ್ ತಂಡದಲ್ಲಿ ಅವರಿಗೆ ಖಾಯಂ ಸ್ಥಾನ ಸಿಗದೇ ಹೋದದ್ದಕ್ಕೆ ಅನಾರೋಗ್ಯವನ್ನು ಕಾರಣ ಮಾಡುವವರಿದ್ದಾರೆ. ಅದು ಸರಿಯಲ್ಲ. ದ್ರಾವಿಡ್, ಸಚಿನ್, ಲಕ್ಷ್ಮಣ್, ಗಂಗೂಲಿ ಇದ್ದ ಮಧ್ಯಮ ಕ್ರಮಾಂಕದಲ್ಲಿ ತೆರವೇ ಇರಲಿಲ್ಲ. ಜೊತೆಗೆ ಉತ್ತಮ ಸ್ಪಿನ್ ಬೌಲಿಂಗಿನ ಎದುರು ಆರಂಭದ ಅರ್ಧ ಗಂಟೆ ಅವರು ತಡವರಿಸುತ್ತಿದ್ದರು.

ಇನ್ನು ಅವರ ಬೌಲಿಂಗಿನ ವಿಷಯ. ಆಲ್‌ರೌಂಡರ್ ಎಂದು ನಾವು ಸುಲಭವಾಗಿ ಕರೆಯುತ್ತೇವಾದರೂ, ವೃತ್ತಿಯ ಬಹುಭಾಗ ಅವರು ಎಡಗೈಯಲ್ಲಿ ನಿಧಾನಗತಿಯ ಸ್ಪಿನ್ ಹಾಕಬಲ್ಲ ಬ್ಯಾಟ್ಸ್‌ಮನ್ ಆಗಿದ್ದರು, ಅಷ್ಟೆ. ಚೆಂಡು ಹೆಚ್ಚು ತಿರುಗುತ್ತಿರಲಿಲ್ಲ. ಕ್ರೀಸಿನ ಅಗಲವನ್ನು ಬಳಸಿ, ವೇಗವನ್ನು ತಗ್ಗಿಸಿ, ಬ್ಯಾಟ್ಸ್‌ಮನ್ ಅವಸರ ಪಡುವುದನ್ನು ಕಾಯುತ್ತಿದ್ದರು. ಇಂಗ್ಲೆಂಡಿನ ಕೆವಿನ್ ಪೀಟರ್ಸನ್ ಈ ಬೌಲಿಂಗನ್ನು ಬಹಿರಂಗವಾಗಿಯೇ ಲೇವಡಿ ಮಾಡಿದ್ದರು. ತಮಾಷೆಯೆಂದರೆ ಅದೇ ಬೌಲಿಂಗಿಗೆ ಅವರು ಮತ್ತೆ ಮತ್ತೆ ವಿಕೆಟ್ ಒಪ್ಪಿಸಿದರು. 2009ರ ಐಪಿಎಲ್‌ನಲ್ಲಿ ಯುವರಾಜ್ ಎರಡು ಹ್ಯಾಟ್ರಿಕ್ ಪಡೆದರು, ಅದರಲ್ಲಿ ಒಂದು ನಮ್ಮ ರಾಯಲ್ ಚಾಲೆಂಜರ್ಸ್ ವಿರುದ್ಧ.

ಈ ಬೌಲಿಂಗ್ ನಿಜವಾಗಿ ತಂಡದ ಆಧಾರವಾದದ್ದು 2011ರ ವಿಶ್ವಕಪ್ಪಿನಲ್ಲಿ. ಏಳು ಬ್ಯಾಟ್ಸ್‌ಮನ್‌ಗಳು, ನಾಲ್ವರು ಬೌಲರ್‌ಗಳು ಎಂಬುದು ಧೋನಿ ಅವರ ಲೆಕ್ಕವಾಗಿತ್ತು. ಹಾಗಾದರೆ ಉಳಿದ ಹತ್ತು ಓವರ್ ಯಾರು ಹಾಕಬೇಕು? ಆ ಭಾರ ಹೆಚ್ಚಾಗಿ ಯುವರಾಜ್ ಅವರ ಮೇಲೆ ಬಿತ್ತು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರರಲ್ಲೂ ಅವರು ಪೂರ್ತಿ ಹತ್ತು ಓವರ್ ಹಾಕಿದ್ದಾರೆ, ಮೂರರಲ್ಲೂ ಎರಡೆರಡು ವಿಕೆಟ್ ಪಡೆದಿದ್ದಾರೆ. ಅದರ ಮೇಲೆ ಬ್ಯಾಟಿಂಗ್, ಅದರ ಮೇಲೆ ಪಾಯಿಂಟಿನಲ್ಲಿ ಫೀಲ್ಡಿಂಗ್. ಒಂಬತ್ತು ಪಂದ್ಯಗಳಲ್ಲಿ 362 ರನ್, 15 ವಿಕೆಟ್, ನಾಲ್ಕು ಬಾರಿ ಪಂದ್ಯಶ್ರೇಷ್ಠ. ಒಂದೇ ವಿಶ್ವಕಪ್ಪಿನಲ್ಲಿ 300ಕ್ಕೂ ಹೆಚ್ಚು ರನ್ ಮತ್ತು 15 ವಿಕೆಟ್ ಎರಡನ್ನೂ ಅದುವರೆಗೆ ಯಾರೂ ಸಾಧಿಸಿರಲಿಲ್ಲ.

ಮಾರ್ಚ್ 6ರಂದು ಐರ್ಲೆಂಡ್ ವಿರುದ್ಧ ಚಿನ್ನಸ್ವಾಮಿಯಲ್ಲಿ ನಡೆದ ಪಂದ್ಯವನ್ನು ನಿಮ್ಮಲ್ಲಿ ಕೆಲವರು ಅಲ್ಲೇ ಕುಳಿತು ನೋಡಿರಬಹುದು. ನಾಲ್ಕು ದಿನಗಳ ಹಿಂದೆ ಅದೇ ಮೈದಾನದಲ್ಲಿ ಕೆವಿನ್ ಒಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದು ಇಂಗ್ಲೆಂಡನ್ನು ಕೆಡವಿದ್ದರು. ಅಂದು ಒಬ್ರಿಯನ್ ಸೇರಿ ಐವರನ್ನು ಯುವರಾಜ್ 31 ರನ್ ಕೊಟ್ಟು ಔಟ್ ಮಾಡಿದರು. ಬಳಿಕ ಭಾರತದ ಬ್ಯಾಟಿಂಗ್ ಮುಗ್ಗರಿಸಿದಾಗ, ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ 75 ಎಸೆತ ಕಾದು ಔಟಾಗದೆ 50 ರನ್ ಮಾಡಿದರು. ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ಐದು ವಿಕೆಟ್ ಮತ್ತು ಅರ್ಧಶತಕ ಎಂಬ ದಾಖಲೆ ಮೊದಲ ಬಾರಿಗೆ ಹುಟ್ಟಿದ್ದು ಹೀಗೆ.

ಇದೇ ಅವಧಿಯಲ್ಲಿ ಅವರಿಗೆ ಕೆಮ್ಮು ಬಿಡುತ್ತಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ, ಉಸಿರು ಸಾಲುತ್ತಿರಲಿಲ್ಲ. ಮಾರ್ಚ್ 20ರಂದು ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 113 ರನ್ ಗಳಿಸಿದ ಇನಿಂಗ್ಸಿನ ನಡುವೆ ಅವರು ಮೈದಾನದಲ್ಲೇ ವಾಂತಿ ಮಾಡಿಕೊಂಡದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು. ಚೆನ್ನೈನ ಸೆಕೆ ಎಂದುಕೊಂಡೆವು. ಹಾಗೆ ಅಂದುಕೊಂಡದ್ದು ತಪ್ಪೆಂದು ಈಗ ಹೇಳುವುದು ಸುಲಭ. ಆದರೆ ಇಪ್ಪತ್ತೊಂಬತ್ತು ವರ್ಷದ, ದಿನವಿಡೀ ಓಡಾಡುವ ಕ್ರೀಡಾಪಟುವಿಗೆ ಎದೆಯಲ್ಲಿ ಗಡ್ಡೆ ಇರಬಹುದೆಂದು ಯಾರಿಗೆ ತಾನೇ ಹೊಳೆದೀತು? ನಾಲ್ಕು ದಿನ ಕಳೆದು ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಎರಡು ವಿಕೆಟ್ ಮತ್ತು ಔಟಾಗದೆ 57. ಭಾರತ ಐದು ವಿಕೆಟಿಗೆ 187 ಇದ್ದಾಗ ರೈನಾ ಜೊತೆ ಸೇರಿ ಅವರು 261ರ ಗುರಿ ಮುಟ್ಟಿಸಿದರು. ಅವರ ಇಡೀ ವೃತ್ತಿಯಲ್ಲಿ ಒಂದೇ ಇನಿಂಗ್ಸ್ ಆರಿಸಿಕೊಳ್ಳಿ ಎಂದರೆ ನಾನು ಆರು ಸಿಕ್ಸರನ್ನು ಬಿಟ್ಟು ಇದನ್ನೇ ಆರಿಸುತ್ತೇನೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ರೋಗದ ಬಗ್ಗೆ ಹೇಳಬೇಕು. ಯುವರಾಜ್ ಅವರಿಗೆ ಬಂದದ್ದನ್ನು ಮೀಡಿಯಾಸ್ಟೈನಲ್ ಸೆಮಿನೋಮಾ ಎನ್ನುತ್ತಾರೆ. ಎರಡು ಶ್ವಾಸಕೋಶಗಳ ನಡುವೆ, ಎದೆಯ ಎಲುಬಿನ ಹಿಂದೆ, ಹೃದಯ ಮತ್ತು ದೊಡ್ಡ ರಕ್ತನಾಳಗಳಿರುವ ಜಾಗದಲ್ಲಿ ಬೆಳೆಯುವ ಗಡ್ಡೆ ಅದು. ಪತ್ರಿಕೆಗಳು ಆಗ ಶ್ವಾಸಕೋಶದ ಕ್ಯಾನ್ಸರ್ ಎಂದು ಬರೆದವು, ಆದರೆ ಜಾತಿಯಿಂದ ಇದು ಬೇರೆಯೇ. ಸಂತಾನಕ್ಕೆ ಮೂಲವಾದ ಬೀಜಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ವೃಷಣದಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರಿನ ದಾಯಾದಿ. ಅದು ಎದೆಯಲ್ಲಿ ಹೇಗೆ ಬಂತು ಎಂದು ನೀವು ಕೇಳಬಹುದು. ಭ್ರೂಣ ಬೆಳೆಯುವಾಗ ಈ ಬೀಜಕೋಶಗಳು ದೇಹದ ನಡುಗೆರೆಯುದ್ದಕ್ಕೂ ಚಲಿಸಿ ತಮ್ಮ ಸ್ಥಾನ ಸೇರುತ್ತವೆ. ಕೆಲವು ದಾರಿಯಲ್ಲೇ ಉಳಿದುಬಿಡುತ್ತವೆ, ಮತ್ತು ಹಲವು ವರ್ಷಗಳ ಬಳಿಕ ಎಲ್ಲೋ ಒಬ್ಬಿಬ್ಬರಲ್ಲಿ ಅಂಥ ಕೋಶಗಳೇ ಗಡ್ಡೆಯಾಗುತ್ತವೆ ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಅದು ಮೆಲ್ಲನೆ ಬೆಳೆಯುತ್ತದೆ. ಸಾಕಷ್ಟು ದೊಡ್ಡದಾಗಿ ಶ್ವಾಸಕೋಶವನ್ನು ಒತ್ತಲು ಶುರುಮಾಡುವವರೆಗೆ ಸುಳಿವು ಕೊಡುವುದಿಲ್ಲ. ಕೊಟ್ಟರೂ ಕೆಮ್ಮು, ಏದುಸಿರು, ಆಯಾಸ ಎಂಬ ಸಾಮಾನ್ಯ ಲಕ್ಷಣಗಳ ವೇಷದಲ್ಲೇ ಬರುತ್ತದೆ.

ವಿಶ್ವಕಪ್ಪಿನ ನಂತರವೂ ಅವರು ಆಡಿದರು. ಐಪಿಎಲ್‌ನಲ್ಲಿ ಪುಣೆ ತಂಡದ ನಾಯಕರಾದರು, ಇಂಗ್ಲೆಂಡಿನ ಟ್ರೆಂಟ್ ಬ್ರಿಜ್ ಟೆಸ್ಟಿನಲ್ಲಿ 62 ಹೊಡೆದು ಬೆರಳು ಮುರಿದುಕೊಂಡರು, ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಆಡಿದರು. ಎದೆಯಲ್ಲಿ ಗಡ್ಡೆ ಇದೆ, ಅದು ಅಪಾಯಕಾರಿಯಲ್ಲ ಎಂಬ ಸುದ್ದಿ 2011ರ ಕೊನೆಗೆ ಬಂತು. ಕ್ಯಾನ್ಸರ್ ಎಂಬುದು ಜಗತ್ತಿಗೆ ತಿಳಿದದ್ದು 2012ರ ಆರಂಭದಲ್ಲಿ, ಅವರು ಅಮೆರಿಕದ ಇಂಡಿಯಾನಾಪೊಲಿಸ್ ಸೇರಿದ ಮೇಲೆ.

ಅವರು ಅಲ್ಲಿಗೇ ಹೋದದ್ದಕ್ಕೆ ಕಾರಣವಿದೆ. ಈ ಬಗೆಯ ಕ್ಯಾನ್ಸರಿನ ಚಿಕಿತ್ಸೆಯ ಚರಿತ್ರೆ ಬರೆಯಲ್ಪಟ್ಟದ್ದೇ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಆ ಚರಿತ್ರೆಯ ಮೊದಲ ಪುಟ ಮಾತ್ರ ಬೇರೆ ಊರಿನದು. 1960ರ ದಶಕದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ವಿದ್ಯುತ್ ಕ್ಷೇತ್ರವು ಬ್ಯಾಕ್ಟೀರಿಯಾಗಳ ಮೇಲೆ ಏನು ಪರಿಣಾಮ ಬೀರುತ್ತದೆಂದು ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ವಿಭಜನೆಯಾಗುವುದನ್ನು ನಿಲ್ಲಿಸಿ ದಾರದಂತೆ ಉದ್ದುದ್ದ ಬೆಳೆಯತೊಡಗಿದವು. ಹುಡುಕುತ್ತಾ ಹೋದಾಗ ಕಾರಣ ವಿದ್ಯುತ್ತಾಗಿರಲಿಲ್ಲ. ವಿದ್ಯುದ್ವಾರಗಳ ಪ್ಲಾಟಿನಂ ದ್ರಾವಣದಲ್ಲಿ ಕರಗಿ ಆದ ಒಂದು ಸಂಯುಕ್ತವಾಗಿತ್ತು. ಕೋಶ ವಿಭಜನೆಯನ್ನು ತಡೆಯುವ ವಸ್ತು ಕ್ಯಾನ್ಸರನ್ನೂ ತಡೆಯಬಹುದಲ್ಲವೇ? ಹಾಗೆ ಹುಟ್ಟಿದ ಔಷಧವೇ ಸಿಸ್‌ಪ್ಲಾಟಿನ್. ಇಂಡಿಯಾನಾದ ಯುವ ವೈದ್ಯ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಇದನ್ನು ಬೇರೆ ಎರಡು ಔಷಧಗಳೊಡನೆ ಸೇರಿಸಿ, ದೇಹದ ತುಂಬ ಹರಡಿದ್ದ ವೃಷಣ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟರು. ಅದುವರೆಗೆ ಅಂಥವರಲ್ಲಿ ಬದುಕಿ ಉಳಿಯುತ್ತಿದ್ದವರೇ ವಿರಳ. ಇಂದು ಅವರಲ್ಲಿ ಹೆಚ್ಚಿನವರು ಪೂರ್ಣ ಗುಣವಾಗುತ್ತಾರೆ. 2012ರಲ್ಲಿ ಯುವರಾಜ್ ಅವರ ಚಿಕಿತ್ಸೆಯ ಹೊಣೆ ಹೊತ್ತವರು ಇದೇ ಐನ್‌ಹಾರ್ನ್.

ನಾನು ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. 'ಮನೋಬಲದಿಂದ ಕ್ಯಾನ್ಸರ್ ಗೆದ್ದರು' ಎಂದು ನಾವು ಹೇಳಿದಾಗ, ಅದೇ ರೋಗದಿಂದಲೋ ಇನ್ನೂ ಕ್ರೂರವಾದ ಬೇರೊಂದು ಕ್ಯಾನ್ಸರಿನಿಂದಲೋ ತೀರಿಕೊಂಡವರ ಬಗ್ಗೆ ಏನು ಹೇಳಿದಂತಾಯಿತು? ಅವರಿಗೆ ಮನೋಬಲ ಇರಲಿಲ್ಲ ಎಂದೇ? ಈ ಸಭಾಂಗಣದಲ್ಲಿಯೇ ಮನೆಯವರನ್ನು ಹಾಗೆ ಕಳೆದುಕೊಂಡವರು ಇದ್ದಾರೆ, ಆ ಮಾತು ಅವರ ಕಿವಿಗೆ ಹೇಗೆ ಕೇಳಿಸೀತು ಎಂದು ಯೋಚಿಸಿ. ಯುವರಾಜ್ ಅವರಿಗೆ ಬಂದದ್ದು, ಔಷಧಕ್ಕೆ ಚೆನ್ನಾಗಿ ಮಣಿಯುವ ಕೆಲವೇ ಕ್ಯಾನ್ಸರುಗಳಲ್ಲಿ ಒಂದು. ಆ ಅದೃಷ್ಟವನ್ನು ಅದೃಷ್ಟವೆಂದೇ ಕರೆದರೆ ಅವರ ಸಾಧನೆಗೆ ಕುಂದೇನೂ ಬರುವುದಿಲ್ಲ.

ಹಾಗೆಂದು ಚಿಕಿತ್ಸೆ ಸಲೀಸೆಂದಲ್ಲ. ಮೂರು ಸುತ್ತಿನ ಕಿಮೊಥೆರಪಿ, ಕೂದಲು ಉದುರಿದ ತಲೆ, ಊಟ ಸೇರದ ದಿನಗಳು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಕಠಿಣ. ಕೆಲವರಲ್ಲಿ ಬೆರಳ ತುದಿಯ ನರಗಳನ್ನೂ ಕಿವಿಯನ್ನೂ ಬಾಧಿಸುತ್ತದೆ. ಇದರೊಡನೆ ರೂಢಿಯಾಗಿ ಕೊಡುವ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ಗಾಯ ಮಾಡಬಲ್ಲದು. ಇದೇ ಕಾರಣಕ್ಕೆ, 1996ರಲ್ಲಿ ಇದೇ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದ ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರಿಗೆ ಅದರ ಬದಲು ಬೇರೆ ಔಷಧ ಕೊಡಲಾಗಿತ್ತು. ಉಸಿರಿನ ಮೇಲೆ, ಬೆರಳಿನ ಹಿಡಿತದ ಮೇಲೆ ಬದುಕುವ ಒಬ್ಬ ಆಟಗಾರನಿಗೆ ಈ ಪಟ್ಟಿ ಎಂಥ ಭಯ ಹುಟ್ಟಿಸಬಹುದು ಎಂದು ನೀವೇ ಊಹಿಸಿ. ಅಲ್ಲಿ ಅವರನ್ನು ಕಾಣಲು ಹೋದವರಲ್ಲಿ ನಮ್ಮ ಅನಿಲ್ ಕುಂಬ್ಳೆ ಅವರೂ ಒಬ್ಬರು. ತಮ್ಮ ಹಳೆಯ ಆಟದ ವಿಡಿಯೊಗಳನ್ನೇ ನೋಡುತ್ತ ಕುಳಿತಿದ್ದ ಯುವರಾಜ್ ಅವರ ಲ್ಯಾಪ್‌ಟಾಪ್ ಮುಚ್ಚಿಸಿ, ಕ್ರಿಕೆಟ್ ಬಿಟ್ಟು ಸದ್ಯ ಆರೋಗ್ಯದ ಕಡೆ ನೋಡು ಎಂಬ ಅರ್ಥದ ಮಾತನ್ನು ಕುಂಬ್ಳೆ ಹೇಳಿದರಂತೆ. ದವಡೆ ಮುರಿದಾಗ ತಲೆಗೆ ಪಟ್ಟಿ ಕಟ್ಟಿಕೊಂಡು ಆಂಟಿಗುವಾದಲ್ಲಿ ಬೌಲಿಂಗ್ ಮಾಡಿದ ಕುಂಬ್ಳೆ ಅವರ ಬಾಯಲ್ಲಿ ಈ ಉಪದೇಶ ಬಂದದ್ದು ನನಗೆ ಸೋಜಿಗವೆನಿಸುತ್ತದೆ.

2012ರ ಏಪ್ರಿಲಿನಲ್ಲಿ ಅವರು ದೇಶಕ್ಕೆ ಮರಳಿದರು. ಬೆಂಗಳೂರಿನ ಅಕಾಡೆಮಿಯಲ್ಲಿ ದೇಹವನ್ನು ಮತ್ತೆ ಹದಕ್ಕೆ ತರುವ ಕೆಲಸ ನಡೆಯಿತು. ಸೆಪ್ಟೆಂಬರ್ 11ರಂದು ಚೆನ್ನೈನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟಿ20 ಪಂದ್ಯದಲ್ಲಿ ಮತ್ತೆ ಭಾರತದ ಅಂಗಿ ತೊಟ್ಟು 26 ಎಸೆತಗಳಲ್ಲಿ 34 ರನ್ ಮಾಡಿದರು. ಭಾರತ ಒಂದು ರನ್ನಿನಿಂದ ಸೋತಿತು. ಅಂದು ಯಾರೂ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಮುಂದಿನ ತಿಂಗಳು ದುಲೀಪ್ ಟ್ರೋಫಿಯಲ್ಲಿ 208, ನವೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಅಹಮದಾಬಾದ್ ಟೆಸ್ಟಿನಲ್ಲಿ 74, ಡಿಸೆಂಬರಿನಲ್ಲಿ ಪುಣೆಯ ಟಿ20ಯಲ್ಲಿ 19 ರನ್ನಿಗೆ ಮೂರು ವಿಕೆಟ್, ಅದೇ ತಿಂಗಳ ಕೊನೆಗೆ ಪಾಕಿಸ್ತಾನದ ವಿರುದ್ಧ 36 ಎಸೆತಗಳಲ್ಲಿ 72. ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಹೇಳುವ ರೂಪಕ್ಕೇ ಸರಿಹೊಂದುತ್ತಿತ್ತು.

ಆದರೆ ಅವರು ಬಿಟ್ಟುಹೋದ ಏಕದಿನ ಕ್ರಿಕೆಟ್ ಅಷ್ಟರಲ್ಲಿ ಬದಲಾಗಿತ್ತು. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 2011ರ ಅಕ್ಟೋಬರಿನಿಂದ ಒಂದು ಇನಿಂಗ್ಸಿಗೆ ಎರಡು ಹೊಸ ಚೆಂಡು ಬಂದವು, ಅಂದರೆ ಆ ನಿಯಮದಲ್ಲಿ ಯಾವ ಚೆಂಡೂ ಇಪ್ಪತ್ತೈದು ಓವರಿಗಿಂತ ಹಳತಾಗುತ್ತಿರಲಿಲ್ಲ. 2012ರ ಅಕ್ಟೋಬರಿನ ಕೊನೆಯಿಂದ, ಪವರ್‌ಪ್ಲೇ (ಫೀಲ್ಡಿಂಗ್ ನಿರ್ಬಂಧ ಇನ್ನೂ ಬಿಗಿಯಾಗಿರುವ ಓವರುಗಳು) ಇಲ್ಲದ ಓವರುಗಳಲ್ಲಿ, ಪಿಚ್ಚಿನ ಸುತ್ತ ಎಳೆದ ವೃತ್ತದ ಹೊರಗೆ ನಿಲ್ಲಬಹುದಾದ ಫೀಲ್ಡರುಗಳ ಸಂಖ್ಯೆ ಐದರಿಂದ ನಾಲ್ಕಕ್ಕೆ ಇಳಿಯಿತು. ಯುವರಾಜ್ ಅವರಂಥ ಬೌಲರ್ ಬದುಕುತ್ತಿದ್ದದ್ದೇ ಮೆತ್ತಗಾದ ಹಳೆಯ ಚೆಂಡು ಮತ್ತು ಗಡಿಯಲ್ಲಿ ನಿಂತ ಆ ಐದನೆಯ ಫೀಲ್ಡರನ ಮೇಲೆ. 2011ರ ವಿಶ್ವಕಪ್ಪಿನಲ್ಲಿ ಅವರು ಹಾಕಿದ ಓವರುಗಳನ್ನು ಹೊಸ ನಿಯಮದಲ್ಲಿ, ಪೂರ್ಣ ಆರೋಗ್ಯದ ಯುವರಾಜ್ ಕೂಡ ಹಾಕಲಾಗುತ್ತಿತ್ತೇ ಎಂಬುದು ನನ್ನ ಅನುಮಾನ. ಇತ್ತ ರವೀಂದ್ರ ಜಡೇಜ ಎಂಬ ಪೂರ್ಣ ಪ್ರಮಾಣದ ಎಡಗೈ ಸ್ಪಿನ್ನರ್ ತಂಡದಲ್ಲಿ ನೆಲೆಯೂರಿದರು. 2013ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಅವರೇ. ವಿಶ್ವಕಪ್ಪಿನ ನಂತರ ಯುವರಾಜ್ ಆಡಿದ ಸುಮಾರು ಮೂವತ್ತು ಏಕದಿನ ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್‌ಗಳನ್ನು ಬೆರಳಲ್ಲೇ ಎಣಿಸಿಬಿಡಬಹುದು. ಟಿ20ಯಲ್ಲಿ ನಾಲ್ಕು ಓವರ್ ಹಾಕುವುದು ಬೇರೆ, ಐವತ್ತು ಓವರಿನ ಪಂದ್ಯದಲ್ಲಿ ಹತ್ತು ಓವರಿನ ಹೊಣೆ ಹೊರುವುದು ಬೇರೆ. ಆಲ್‌ರೌಂಡರ್ ಆಗಿ ಆಸ್ಪತ್ರೆ ಸೇರಿದವರು ಬ್ಯಾಟ್ಸ್‌ಮನ್ ಆಗಿ ಹೊರಬಂದರು; ಅದಕ್ಕೆ ರೋಗ ಅರ್ಧ ಕಾರಣ, ನಿಯಮಪುಸ್ತಕ ಇನ್ನರ್ಧ.

ಬರೀ ಬ್ಯಾಟ್ಸ್‌ಮನ್ ಆದವರಿಗೆ ತಂಡದಲ್ಲಿ ಜಾಗ ಹಿಡಿದುಕೊಳ್ಳುವುದು ಇನ್ನೂ ಕಷ್ಟ. ಮೊದಲು ಹತ್ತು ಓವರ್ ಹಾಕಿ ಸರಿದೂಗಿಸಬಹುದಾಗಿದ್ದ ಒಂದು ಸೊನ್ನೆ, ಈಗ ಬರೀ ಸೊನ್ನೆಯಾಗಿಯೇ ಉಳಿಯುತ್ತಿತ್ತು. 2013ರ ಬೇಸಿಗೆಯಲ್ಲಿ ಜಹೀರ್ ಖಾನ್ ಜೊತೆ ಫ್ರಾನ್ಸಿಗೆ ಹೋಗಿ ಮೈ ದಂಡಿಸಿ ಬಂದರು. ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ 'ಎ' ವಿರುದ್ಧ 89 ಎಸೆತಗಳಲ್ಲಿ 123, ಅಕ್ಟೋಬರಿನಲ್ಲಿ ರಾಜಕೋಟೆಯಲ್ಲಿ ಆಸ್ಟ್ರೇಲಿಯಾದ ವಿರುದ್ಧ 35 ಎಸೆತಗಳಲ್ಲಿ ಔಟಾಗದೆ 77. ಆಮೇಲೆ ಮತ್ತೆ ಸಾಲು ಸಾಲು ವೈಫಲ್ಯ. 2014ರಲ್ಲಿ ಬೆಂಗಳೂರು ತಂಡ 14 ಕೋಟಿ ಕೊಟ್ಟು ಅವರನ್ನು ಕೊಂಡಿತು. ಆ ಮೇ ತಿಂಗಳಲ್ಲಿ ಚಿನ್ನಸ್ವಾಮಿಯಲ್ಲಿ ರಾಜಸ್ಥಾನದ ವಿರುದ್ಧ 38 ಎಸೆತಗಳಲ್ಲಿ 83 ಹೊಡೆದು, ನಾಲ್ಕು ವಿಕೆಟನ್ನೂ ಪಡೆದರು. ಹಳೆಯ ಯುವರಾಜ್ ಪೂರ್ತಿಯಾಗಿ ಕಾಣಿಸಿಕೊಂಡ ಸಂಜೆ ಅದು, ಮತ್ತು ಆ ಪಂದ್ಯವನ್ನು ಬೆಂಗಳೂರು ಸೋತಿತು. ನಮ್ಮ ತಂಡದ ಅಭಿಮಾನಿಗಳಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಅದಕ್ಕೆ ಕೆಲವೇ ವಾರಗಳ ಹಿಂದೆ, ಏಪ್ರಿಲ್ 6ರಂದು ಢಾಕಾದಲ್ಲಿ ಟಿ20 ವಿಶ್ವಕಪ್ಪಿನ ಫೈನಲ್ ನಡೆದಿತ್ತು. ಯುವರಾಜ್ 21 ಎಸೆತ ಆಡಿ 11 ರನ್ ಮಾಡಿದರು. ಕೊಹ್ಲಿ ಇನ್ನೊಂದು ತುದಿಯಲ್ಲಿ 77 ಹೊಡೆದರೂ ಭಾರತ 130ಕ್ಕೆ ನಿಂತಿತು, ಶ್ರೀಲಂಕಾ ಗೆದ್ದಿತು. ಅಂದು ರಾತ್ರಿ ಚಂಡೀಗಢದ ಅವರ ಮನೆಗೆ ಕಲ್ಲು ಬಿದ್ದವು. ಎರಡು ವರ್ಷದ ಹಿಂದೆ ಇದೇ ದೇಶ ಅವರಿಗಾಗಿ ಹರಕೆ ಹೊತ್ತಿತ್ತು, ಹೋಮ ಮಾಡಿಸಿತ್ತು. ಗುಣವಾಗಿ ಬಂದವರಿಂದ ನಾವು ಬಯಸುವುದು ಪವಾಡವನ್ನೇ. ಅವರಿಗೆ ಸಾಧಾರಣವಾಗಿ ಆಡುವ, ಎಲ್ಲರಂತೆ ಸೋಲುವ ಹಕ್ಕನ್ನು ನಾವು ಕೊಡುವುದಿಲ್ಲ. ರೋಗ ಬಾರದಿದ್ದ ಬ್ಯಾಟ್ಸ್‌ಮನ್‌ಗಳೂ ಫೈನಲ್ಲುಗಳಲ್ಲಿ 21 ಎಸೆತಕ್ಕೆ 11 ಹೊಡೆದಿದ್ದಾರೆ.

2015ರ ವಿಶ್ವಕಪ್ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಮೂವತ್ತೈದರ ಹತ್ತಿರ ಬಂದ ಆಟಗಾರ ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ರಣಜಿ ಆಡುತ್ತ ಹೋದರು. 2016ರಲ್ಲಿ ಪಂಜಾಬ್ ಪರ ಬರೋಡ ವಿರುದ್ಧ 260 ಹೊಡೆದರು. ಈ ಭಾಗವನ್ನು ಹೇಳುವಾಗ ನಾವು ಅವಸರ ಮಾಡುತ್ತೇವೆ, ಏಕೆಂದರೆ ಇಲ್ಲಿ ಕ್ಯಾಮೆರಾ ಇಲ್ಲ, ಖಾಲಿ ಗ್ಯಾಲರಿಗಳಿವೆ. ನನ್ನ ದೃಷ್ಟಿಯಲ್ಲಿ ಅವರ ಛಲ ನಿಜಕ್ಕೂ ಕಾಣುವುದು ಇಲ್ಲೇ. ವಿಶ್ವಕಪ್ ಗೆದ್ದುಕೊಟ್ಟವರು, ಆಸ್ಪತ್ರೆಯಿಂದ ಬದುಕಿ ಬಂದವರು, ಹಣಕ್ಕೂ ಹೆಸರಿಗೂ ಕೊರತೆಯಿಲ್ಲದವರು, ಇಪ್ಪತ್ತರ ಹುಡುಗರ ನಡುವೆ ನಿಂತು ನಾಲ್ಕು ದಿನದ ಪಂದ್ಯದಲ್ಲಿ ಬಿಸಿಲು ಕಾಯುತ್ತಿದ್ದರು.

ಅದರ ಫಲವಾಗಿ 2017ರ ಜನವರಿ 19, ಕಟಕ್. ಇಂಗ್ಲೆಂಡಿನ ಕ್ರಿಸ್ ವೋಕ್ಸ್ ನಮ್ಮ ಕೆ.ಎಲ್. ರಾಹುಲ್, ಕೊಹ್ಲಿ, ಧವನ್ ಮೂವರನ್ನೂ ಕಿತ್ತಿದ್ದರು. ಭಾರತ ಮೂರಕ್ಕೆ 25. ಅಲ್ಲಿಂದ ಯುವರಾಜ್ ಮತ್ತು ಧೋನಿ 256 ರನ್ ಸೇರಿಸಿದರು. ಧೋನಿ 134, ಯುವರಾಜ್ 127 ಎಸೆತಗಳಲ್ಲಿ 150. ಅವರ ಏಕದಿನ ಬದುಕಿನ ಅತ್ಯಧಿಕ ಮೊತ್ತ ಬಂದದ್ದು ಕಿಮೊಥೆರಪಿ ಮುಗಿದು ಸುಮಾರು ಐದು ವರ್ಷದ ಮೇಲೆ. ಆ ಇನಿಂಗ್ಸಿನ ಮೊದಲ ಭಾಗದಲ್ಲಿ ಅವರು ನೇರ ಬ್ಯಾಟಿನಿಂದ, ಮೈದಾನದ ಉದ್ದಕ್ಕೆ, ಗಾಳಿಗೆ ಎತ್ತದೆ ಆಡಿದ್ದನ್ನು ಮತ್ತೊಮ್ಮೆ ನೋಡಿ. 2007ರ ಬ್ಯಾಟಿನ ಬೀಸು ಅಲ್ಲಿ ಇರಲಿಲ್ಲ. ತನ್ನ ದೇಹಕ್ಕೆ ಈಗ ಏನು ಸಾಧ್ಯ ಎಂದು ತಿಳಿದವನ ಆಟ ಅದಾಗಿತ್ತು. ಆ ಶತಕಕ್ಕೆ ಮೊದಲಿನ ಅವರ ಏಕದಿನ ಶತಕ ಯಾವುದು ಗೊತ್ತೇ? ಚೆನ್ನೈನ 113, ವಾಂತಿ ಮಾಡಿಕೊಂಡು ಆಡಿದ್ದು. ನಡುವೆ ಹತ್ತಿರ ಹತ್ತಿರ ಆರು ವರ್ಷ.

ಆ ಜೂನಿನ ಚಾಂಪಿಯನ್ಸ್ ಟ್ರೋಫಿಯಲ್ಲಿ ಪಾಕಿಸ್ತಾನದ ವಿರುದ್ಧ 32 ಎಸೆತಗಳಲ್ಲಿ 53 ಹೊಡೆದರು, ಸೆಮಿಫೈನಲ್ಲಿನಲ್ಲಿ ಮುನ್ನೂರನೆಯ ಏಕದಿನ ಪಂದ್ಯವಾಡಿದರು. ಅದೇ ತಿಂಗಳ ಕೊನೆಯಲ್ಲಿ ವೆಸ್ಟ್ ಇಂಡೀಸಿನಲ್ಲಿ ಆಡಿದ ಪಂದ್ಯವೇ ಕೊನೆಯದಾಯಿತು. 304 ಏಕದಿನ ಪಂದ್ಯ, 8701 ರನ್, 111 ವಿಕೆಟ್. 2019ರ ಜೂನ್ 10ರಂದು ಮುಂಬಯಿಯಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿ ಘೋಷಿಸಿದರು. ಇಂಗ್ಲೆಂಡಿನಲ್ಲಿ ಆಗ ಮತ್ತೊಂದು ವಿಶ್ವಕಪ್ ನಡೆಯುತ್ತಿತ್ತು, ಮತ್ತು ಅವರಾಡುತ್ತಿದ್ದ ನಾಲ್ಕನೆಯ ಕ್ರಮಾಂಕಕ್ಕೆ ಭಾರತ ಇನ್ನೂ ಆಟಗಾರನನ್ನು ಹುಡುಕುತ್ತಲೇ ಇತ್ತು.